ಮಳೆರಾಯನ ಪಕ್ಷಾಂತರ: ಒಂದು ಸಂಶೋಧನಾ ಪ್ರಬಂಧ

ರಾಜಕೀಯ, ಹವಾಮಾನ, ಕ್ರೀಡೆ ಮೂರೂ ಬೇರೆ ಬೇರೆ ಶಾಸ್ತ್ರಗಳೆಂಬುದು ಪೂರ್ವಪಕ್ಷ. ಮೂರೂ ಒಂದೇ ಖಾತೆ, ಅದರ ಮಂತ್ರಿ ಮಳೆರಾಯ ಎಂಬುದು ನಮ್ಮ ಸಿದ್ಧಾಂತ. ಪ್ರಯೋಗಕ್ಕೆ ಆಯ್ದುಕೊಂಡದ್ದು 1952ರ ಭಾರತ. ಗಣರಾಜ್ಯಕ್ಕೆ ಆಗ ಎರಡು ವರ್ಷ. ಹಾಲುಹಲ್ಲು ಇನ್ನೂ ಪೂರ್ತಿ ಬಂದಿರಲಿಲ್ಲ.

ಮೊದಲ ಪ್ರಮಾಣ, ಮಹಾಚುನಾವಣೆ. ಹಿಮಾಚಲದ ಚಿನಿ ತಾಲ್ಲೂಕಿನವರು ಎಲ್ಲರಿಗಿಂತ ಮುಂಚೆ, 1951ರ ಅಕ್ಟೋಬರಿನಲ್ಲೇ ಮತ ಹಾಕಿ ಮುಗಿಸಿದರು. ಕಾರಣ ರಾಜಕೀಯ ಪ್ರಜ್ಞೆಯಲ್ಲ, ಹಿಮ. ತಡಮಾಡಿದರೆ ದಾರಿಯೇ ಮುಚ್ಚಿಹೋಗುತ್ತಿತ್ತು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಗಣಿತ ಓದಿದವರು, ಮೋಡದ ಲೆಕ್ಕವೂ ಬರುತ್ತಿತ್ತು. ಮತದಾರರ ಪಟ್ಟಿಗೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು ಮಾತ್ರ ಕೈಬಿಡಲಾಯಿತು. ಇದಕ್ಕೆ ಮಳೆಯನ್ನು ದೂರುವಂತಿಲ್ಲ. ಜೋಡೆತ್ತಿನ ಗುರುತಿನ ಕಾಂಗ್ರೆಸ್ಸು ಲೋಕಸಭೆಯ 489 ಸ್ಥಾನಗಳಲ್ಲಿ 364 ಗೆದ್ದಿತು.

ಎರಡನೇ ಪ್ರಮಾಣ, ಕ್ರಿಕೆಟ್. 1952ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಮದ್ರಾಸಿನ ಟೆಸ್ಟ್. ಮೊದಲ ದಿನವೇ ಲಂಡನ್ನಿನಿಂದ ರಾಜ ತೀರಿಕೊಂಡ ಸುದ್ದಿ ಬಂತು. ರಾಜನಿಲ್ಲದ ದೇಶ ರಾಜನಿಗಾಗಿ ಆಟಕ್ಕೊಂದು ದಿನ ಬಿಡುವು ಕೊಟ್ಟಿತು. ಬಳಿಕ ವಿನೂ ಮಂಕಡ್ 12 ವಿಕೆಟ್ ಕಿತ್ತು ಇಂಗ್ಲೆಂಡನ್ನು ಇನಿಂಗ್ಸ್ ಸೋಲಿಗೆ ತಳ್ಳಿದರು. ಟೆಸ್ಟ್ ಆಡಲು ತೊಡಗಿದ 20 ವರ್ಷಕ್ಕೆ ಮೊದಲ ಗೆಲುವು! ಇಂಥ ಮಂಕಡ್‌ಗೆ ಅದೇ ವರ್ಷದ ಇಂಗ್ಲೆಂಡ್ ಪ್ರವಾಸದಲ್ಲಿ ಸ್ಥಾನದ ಖಾತ್ರಿ ಕೊಡಲು ಕ್ರಿಕೆಟ್ ಮಂಡಳಿ ಒಪ್ಪಲಿಲ್ಲ. ಟಿಕೆಟ್ ಸಿಗದವರು ಏನು ಮಾಡುತ್ತಾರೋ ಅವರೂ ಅದನ್ನೇ ಮಾಡಿದರು: ಅಲ್ಲಿನ ಒಂದು ಲೀಗ್ ಕ್ಲಬ್ಬಿಗೆ ಸಹಿ ಹಾಕಿದರು. ಲೀಡ್ಸ್ ಟೆಸ್ಟಿನಲ್ಲಿ ಅವರಿಲ್ಲದ ತಂಡ ಎರಡನೇ ಇನಿಂಗ್ಸಿನ ಮೊದಲ 14 ಎಸೆತಗಳಲ್ಲಿ ನಾಲ್ಕು ವಿಕೆಟ್ ಕಳೆದುಕೊಂಡಿತು, ಫಲಕದಲ್ಲಿ ಸೊನ್ನೆ. ಅವಿಶ್ವಾಸ ನಿರ್ಣಯ ಓದಲೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಮುಂದಿನ ಟೆಸ್ಟಿಗೇ ಹೈಕಮಾಂಡ್ ಮಂಕಡ್‌ರನ್ನು ಕರೆಸಿಕೊಂಡಿತು. ಅವರು ಲಾರ್ಡ್ಸ್‌ನಲ್ಲಿ 72 ಮತ್ತು 184 ಹೊಡೆದರು. ಪಂದ್ಯ ಹೋಯಿತು, ಆ ಮಾತು ಬೇರೆ.

ಈಗ ಮುಖ್ಯ ಸಾಕ್ಷ್ಯ. ಜುಲೈನ ಮ್ಯಾಂಚೆಸ್ಟರ್ ಟೆಸ್ಟಿನಲ್ಲಿ ಮಳೆ ವಿರೋಧ ಪಕ್ಷದಲ್ಲಿತ್ತು. ನೆನೆದ ಪಿಚ್ಚಿನ ಮೇಲೆ ಭಾರತ ಒಂದೇ ದಿನದಲ್ಲಿ 58ಕ್ಕೂ 82ಕ್ಕೂ ಆಲೌಟ್. ಆಗಸ್ಟಿನ ಓವಲ್‌ನಲ್ಲಿ ಅದೇ ಮಳೆ ನಮ್ಮ ಬಣಕ್ಕೆ ಬಂತು; 98ಕ್ಕೆ ಮುಗಿದಿದ್ದ ಭಾರತವನ್ನು ಡ್ರಾ ಮಾಡಿ ಕಾಪಾಡಿತು. ತಿಂಗಳೊಪ್ಪತ್ತಿನಲ್ಲಿ ಪಕ್ಷಾಂತರ, ಅದೂ ಯಾವ ನಿಗಮ-ಮಂಡಳಿಯ ಅಧ್ಯಕ್ಷಗಿರಿಯನ್ನೂ ಕೇಳದೆ.

ಈ ಎರಡು ಪಂದ್ಯಗಳ ನಡುವೆ ಹೆಲ್ಸಿಂಕಿ ಒಲಿಂಪಿಕ್ಸ್‌ನ ಹಾಕಿ ಫೈನಲ್‌ನಲ್ಲಿ ಭಾರತ ನೆದರ್ಲೆಂಡ್ಸನ್ನು 6-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಐದು ಗೋಲು ಬಲ್ಬೀರ್ ಸಿಂಗ್ ಒಬ್ಬರದೇ. ಆ ಗೋಲುಗಳು ನಮ್ಮ ಸಿದ್ಧಾಂತಕ್ಕೆ ಹೊಂದುವುದಿಲ್ಲ. ಆದ್ದರಿಂದ ಅವನ್ನು ಅಸಿಂಧುಗೊಳಿಸಲಾಗಿದೆ.