ಬಲಗೈ ಹೆಬ್ಬೆಟ್ಟು ಕೇಳಿದ ಕಚೇರಿಗೊಂದು ಬಹಿರಂಗ ಪತ್ರ

‘ಸುರಕ್ಷತೆಯೇ ಮೊದಲು’ ಎಂಬ ಬೋರ್ಡಿನ ಕೆಳಗೆ ಕೂರುವ ಸಾಹೇಬರಿಗೆ,

ನಾನು ಚಿಗಟೇರಿಯವನು. ನಿನ್ನೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆವರೆಗೆ ನಿಮ್ಮ ಕಚೇರಿಯ ಬೆಂಚಿನ ಮೇಲೆ ಇಬ್ಬರು ಕೂತಿದ್ದರಲ್ಲ, ಅವರಲ್ಲಿ ಗಡ್ಡದವನು ನಾನು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದವರು ನಮ್ಮ ಅತ್ತಿಗೆ. ನಿಮಗೆ ನೆನಪಿರಲಿಕ್ಕಿಲ್ಲ. ನೀವು ನಮ್ಮನ್ನು ನೋಡಲಿಲ್ಲ, ನಾವು ಮಾತ್ರ ನಿಮ್ಮ ಗೋಡೆಯನ್ನು ಆರೂವರೆ ತಾಸು ನೋಡಿದೆವು.

ಚೆಂದದ ಗೋಡೆ. ಮಾರ್ಚ್ 4ರ ಸುರಕ್ಷತಾ ದಿನದ ಬ್ಯಾನರು ಇನ್ನೂ ಇಳಿದಿಲ್ಲ. ಅದರ ಪಕ್ಕದ ಚಿತ್ರದಲ್ಲಿ ಹಳದಿ ಹೆಲ್ಮೆಟ್ಟು, ಬೂಟು, ಕೈಗವಸು ಹಾಕಿಕೊಂಡ ಕಾರ್ಮಿಕನೊಬ್ಬ ಮದುಮಗನ ಹಾಗೆ ನಗುತ್ತಿದ್ದಾನೆ. ಕೆಳಗೆ ‘ನಿಮ್ಮ ಸುತ್ತಲಿನ ಅಪಾಯ ಗುರುತಿಸಿ’ ಅಂತಿದೆ. ಬೇರೆ ಕೆಲಸ ಇರಲಿಲ್ಲ, ಗುರುತಿಸಿದೆ. ಮುಚ್ಚಳ ಕಿತ್ತುಹೋದ ಸ್ವಿಚ್ ಬೋರ್ಡು. ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ ಯಾರದೋ ಬುತ್ತಿಚೀಲ. ತಲೆಯ ಮೇಲೆ ತೇರಿನ ಹಾಗೆ ಓಲಾಡುವ ಫ್ಯಾನು. ಬೆಂಚಿನಿಂದ ಎದ್ದ ಮೊಳೆ. ಈ ಮೊಳೆಯನ್ನು ಗುರುತಿಸಿದ್ದು ನಾನಲ್ಲ, ನನ್ನ ಪಂಚೆ.

ಬಂದ ಕೆಲಸ ಹೇಳುತ್ತೇನೆ. ಡಿಸೆಂಬರಿನಲ್ಲಿ ಮೆಕ್ಕೆಜೋಳದ ರಾಶಿ ನಡೆದಿತ್ತು. ಮಷಿನ್ನು ಒಂದು ಕಣ ಮುಗಿಸಿ ಇನ್ನೊಂದು ಕಣಕ್ಕೆ ಬರುವ ಹೊತ್ತಿಗೆ ರಾತ್ರಿ ಹತ್ತು. ಟ್ರ್ಯಾಕ್ಟರಿನ ಲೈಟಿನಲ್ಲೇ ಕೆಲಸ. ಚೀಲದ ಲೆಕ್ಕದಲ್ಲಿ ಕೂಲಿ, ಮಷಿನ್ನು ನಿಂತರೆ ಕೂಲಿಯೂ ನಿಂತ ಹಾಗೆ. ತೆನೆಯ ಒಣಸಿಪ್ಪೆ ಕೈ ಕೊಯ್ಯುತ್ತದೆ ಅಂತ ಅತ್ತಿಗೆ ಹಳೇ ಸೀರೆಯ ಚೂರೊಂದನ್ನು ಅಂಗೈಗೆ ಸುತ್ತಿಕೊಂಡು ಪುಟ್ಟಿ ಎತ್ತಿ ಸುರಿಯುತ್ತಿದ್ದರು. ನಿಮ್ಮ ಚಿತ್ರದ ಕೈಗವಸಿನ ಬಡವರ ಆವೃತ್ತಿ ಅನ್ನಿ. ಬೆಲ್ಟು ಹಿಡಿದದ್ದು ಆ ಬಟ್ಟೆಯನ್ನೇ. ಬಟ್ಟೆಯ ಹಿಂದೆ ಹೆಬ್ಬೆರಳು ಹೋಯಿತು. ತಿರುಗುವ ಮಷಿನ್ನಿನ ಹತ್ತಿರ ಕೈಗವಸು ಹಾಕಲೇಬಾರದು, ಅದು ಮೊದಲನೇ ಪಾಠ ಅಂತ ಐಟಿಐ ಓದಿದ ನಮ್ಮ ಓಣಿಯ ಹುಡುಗ ಆಮೇಲೆ ಹೇಳಿದ. ನಿಮ್ಮ ಗೋಡೆಯ ಮದುಮಗನಿಗೂ ಯಾರಾದರೂ ಹೇಳಿ.

ಬೆಲ್ಟಿಗೆ ತಗಡಿನ ಮುಚ್ಚಳ ಇರಲಿಲ್ಲವೇ ಅಂದಿರಾ? ಇತ್ತು. ಬೆಲ್ಟು ಜಾರಿದಾಗೆಲ್ಲ ಮುಚ್ಚಳ ಬಿಚ್ಚಿ ಹಾಕಲು ಹೊತ್ತು ಹಿಡಿಯುತ್ತದೆ ಅಂತ ಟ್ರೈಲರಿನಲ್ಲಿ ಎಸೆದಿದ್ದೆವು. ನಾಲ್ಕು ಬೋಲ್ಟು. ಎರಡನ್ನು ನಾನೇ ಬಿಚ್ಚಿದ್ದು. ಇದನ್ನು ಪರಿಹಾರದ ಅರ್ಜಿಯಲ್ಲಿ ಬರೆಯೋಣ ಅಂತ ಹೋದರೆ ಅದಕ್ಕೆ ಕಾಲಮ್ಮೇ ಇಲ್ಲ. ‘ಅಪಘಾತಕ್ಕೆ ಕಾರಣ’ ಅನ್ನುವ ಜಾಗದಲ್ಲಿ ನಿಮ್ಮ ಗುಮಾಸ್ತರು ನಮ್ಮನ್ನು ಕೇಳುವ ಮೊದಲೇ ‘ಕಾರ್ಮಿಕರ ಅಜಾಗರೂಕತೆ’ ಅಂತ ಬರೆದು ಮುಗಿಸಿದ್ದರು. ಅಕ್ಷರ ದುಂಡಗಿದೆ. ದಿನಾ ಬರೆದು ರೂಢಿ ಇರಬೇಕು.

ಅಂದು ರಾತ್ರಿ ಅತ್ತಿಗೆಯನ್ನು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಒಯ್ದೆವು. ನಮ್ಮೂರ ಹೆಸರಿನ ದೊಡ್ಡಾಸ್ಪತ್ರೆ ಇರುವುದು ಅಲ್ಲಿ. ಆಸ್ಪತ್ರೆಯ ಕಾಗದ ನೋಡಿದ ನಿಮ್ಮ ಎರಡನೇ ಟೇಬಲ್ಲು, “ಇದು ದಾವಣಗೆರೆ ಜಿಲ್ಲೆಯದ್ದು, ಅಲ್ಲೇ ಕೇಳಿ” ಅಂದಿತು. ಸಾಹೇಬರೇ, ನಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ನಮಗೆ ಜಿಲ್ಲೆ ಬದಲಾದಷ್ಟು ಸಲ ಆ ಮಷಿನ್ನಿಗೆ ಬೆಲ್ಟು ಬದಲಾಗಿಲ್ಲ. ಬೆರಳು ಹೋದದ್ದು ಯಾವ ಜಿಲ್ಲೆಯಲ್ಲಿ, ಹೊಲಿಗೆ ಬಿದ್ದದ್ದು ಯಾವ ಜಿಲ್ಲೆಯಲ್ಲಿ ಅಂತ ಹೆಬ್ಬೆರಳು ಕೇಳಿಕೊಂಡು ಹೋಗಲಿಲ್ಲ. ನಮ್ಮೂರ ದೇವರು ನಾರದಮುನಿ. ಮೂರು ಲೋಕಕ್ಕೂ ಸುದ್ದಿ ಮುಟ್ಟಿಸಿದವನು. ಅವನಿಗೂ ನಿಮ್ಮ ಎರಡನೇ ಟೇಬಲ್ಲಿನಿಂದ ಮೂರನೇ ಟೇಬಲ್ಲಿಗೆ ಒಂದು ಫೈಲು ಮುಟ್ಟಿಸಲು ಆಗಲಿಕ್ಕಿಲ್ಲ.

ಮೂರನೇ ಟೇಬಲ್ಲಿಗೆ ನಾವೇ ಎತ್ತಿಕೊಂಡು ಹೋದೆವು. ಅಲ್ಲಿ ಕಂಪ್ಯೂಟರಿನ ಹುಡುಗ ತಲೆ ಎತ್ತದೆ ಹೇಳಿದ: “ಬಲಗೈ ಹೆಬ್ಬೆಟ್ಟು ಇಡಿ.”

ಅತ್ತಿಗೆ ಸೆರಗು ಬಿಚ್ಚಿ ಕೈ ತೋರಿಸಿದರು. ಅವನು ನೋಡಿದ. ಪಾಪ, ಸಣ್ಣ ಹುಡುಗ, ಮುಖ ಬಿಳಿಚಿಕೊಂಡಿತು. ಆದರೂ, “ಎಡಗೈ ತಗೋಬೇಕಂದ್ರೆ ಸಾಹೇಬರ ಪರ್ಮಿಷನ್ ಬೇಕಕ್ಕಾ” ಅಂದ. ಸಾಹೇಬರು ಮೀಟಿಂಗಿನಲ್ಲಿದ್ದರು. ಯಾವ ಮೀಟಿಂಗು ಅಂತ ಕೇಳಿದೆ. ಸುರಕ್ಷತಾ ಅರಿವಿನ ಮೀಟಿಂಗು ಅಂದ.

ನಾನು ನಗಲಿಲ್ಲ. ತಮಾಷೆ ಮಾಡಿಕೊಂಡೇ ಇಷ್ಟು ಬರೆದೆ, ಇಲ್ಲಿ ಆಗುತ್ತಿಲ್ಲ. ಬಲಗೈ ಹೆಬ್ಬೆಟ್ಟು ಇದ್ದಿದ್ದರೆ ನಾವು ನಿಮ್ಮಲ್ಲಿಗೆ ಯಾಕೆ ಬರುತ್ತಿದ್ದೆವು? ಇಲ್ಲದ ಬೆರಳಿಗೆ ಪರಿಹಾರ ಕೇಳಲು ಬಂದವಳ ಹತ್ತಿರ ಅದೇ ಬೆರಳನ್ನು ಕೇಳುತ್ತೀರಲ್ಲ, ನಾಚಿಕೆ ಆಗುವುದಿಲ್ಲವೇ?

ಹರಪನಹಳ್ಳಿಯ ವಕೀಲರೊಬ್ಬರು ನನಗೆ ಕಾಯ್ದೆ ಓದಿ ಹೇಳಿದರು. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ನೂರಕ್ಕೆ 30 ಹೋದ ಲೆಕ್ಕ ಇತ್ತಂತೆ. 1983ರಲ್ಲಿ ‘ಅಪಾಯಕಾರಿ ಯಂತ್ರಗಳ ಕಾಯ್ದೆ’ ಅಂತಲೇ ಒಂದು ಬಂದಿದೆ, ಅದರಲ್ಲಿ ಅಪಾಯಕಾರಿ ಯಂತ್ರ ಅಂದರೆ ಮೊದಲ ಹೆಸರೇ ಒಕ್ಕಣೆ ಮಷಿನ್ನಂತೆ. ಕಾಯ್ದೆ ನನ್ನ ವಯಸ್ಸಿನದು, ನಮ್ಮ ಕಣಕ್ಕೆ ಇನ್ನೂ ಬಂದಿಲ್ಲ. ಇನ್ನು ಕಾರ್ಖಾನೆ ಕಾನೂನಿಗೆ ನಾವು ಸೇರುವುದೇ ಇಲ್ಲ. 1948ರ ಕಾಯ್ದೆಗೆ, ಯಂತ್ರ ಓಡುವ ಜಾಗದಲ್ಲಿ ಹತ್ತು ಜನ ಬೇಕಿತ್ತು. ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಗೆ ಇಪ್ಪತ್ತು ಜನ ಬೇಕು. ನಮ್ಮ ಕಣದಲ್ಲಿ ಇದ್ದದ್ದು ಏಳು ಜನ. ಬೆಲ್ಟು ಮಾತ್ರ ತಲೆ ಎಣಿಸಿ ತಿರುಗುವುದಿಲ್ಲ.

ನಿಮ್ಮ ಬ್ಯಾನರಿನಲ್ಲಿರುವ ಮಾತೆಲ್ಲ ಕೆಲಸ ಮಾಡುವವರಿಗೇ. ನೀನು ನೋಡಿಕೋ, ನೀನು ಹಾಕಿಕೋ, ನೀನು ಎಚ್ಚರ ಇರು. ಮಷಿನ್ನಿನ ಮಾಲೀಕನಿಗೆ ‘ಮುಚ್ಚಳ ಇಲ್ಲದೆ ಓಡಿಸಬೇಡ’ ಅನ್ನುವ ಒಂದು ಬೋರ್ಡು ನನಗೆ ಇವತ್ತಿನವರೆಗೆ ಕಂಡಿಲ್ಲ. ರಾತ್ರಿ ಹತ್ತರ ಮೇಲೆ ಕಣಕ್ಕೆ ಬಂದು ನೋಡಿದ ಒಬ್ಬ ಅಧಿಕಾರಿಯೂ ಕಂಡಿಲ್ಲ. ಮುಚ್ಚಳವನ್ನು ಈಗ ಕೂರಿಸಿದ್ದೇವೆ. ನಾಲ್ಕು ಹೊಸ ಬೋಲ್ಟಿಗೆ ಅರವತ್ತು ರೂಪಾಯಿ ಆಯಿತು. ನಿಮ್ಮ ಕಚೇರಿಗೆ ಇಬ್ಬರು ಬಂದು ಹೋದ ಬಸ್ ಚಾರ್ಜು ಅದಕ್ಕಿಂತ ಹೆಚ್ಚು.

ಮುಂದಿನ ಸೋಮವಾರ ಬನ್ನಿ ಅಂದಿದ್ದೀರಿ. ಬರುತ್ತೇವೆ. ಎಡಗೈ ತೆಗೆದುಕೊಳ್ಳುವ ಪರ್ಮಿಷನ್ನಿಗೆ ಮೀಟಿಂಗಿಗೆ ಹೋಗುವ ಮುಂಚೆ ಸಹಿ ಹಾಕಿ ಹೋಗಿ. ಅವತ್ತು ನನ್ನ ಚೀಲದಲ್ಲಿ ಒಂದು ಸುತ್ತಿಗೆ ಇರುತ್ತದೆ. ಗಾಬರಿಯಾಗಬೇಡಿ, ಬೆಂಚಿನ ಮೊಳೆಗೆ.

ಇಂತಿ,
ಎರಡು ಬೋಲ್ಟು ಬಿಚ್ಚಿದವನು,
ಚಿಗಟೇರಿ, ಹರಪನಹಳ್ಳಿ ತಾಲ್ಲೂಕು