ಪ್ರಿನ್ಸಣ್ಣ ಮತ್ತು ಮನೆಯಳಿಯ

ಬೊರಿವಲಿಯಲ್ಲಿ ಫಾಸ್ಟ್ ಲೋಕಲ್ ಬಿಟ್ಟು ಸ್ಲೋ ಹತ್ತುವವರು ಮೂರು ಬಗೆ: ನಡುವಿನ ಸಣ್ಣ ಸ್ಟೇಷನ್ನಿನಲ್ಲಿ ಇಳಿಯಬೇಕಾದವರು, ಹೊತ್ತಾದರೆ ಆಗಲಿ ಸೀಟು ಸಿಗಲಿ ಎನ್ನುವವರು, ಮತ್ತೆ ನಮ್ಮ ಪ್ರಿನ್ಸಣ್ಣ.

ಪ್ರಿನ್ಸಣ್ಣನ ಲೆಕ್ಕವೇ ಬೇರೆ. ಚರ್ಚ್‌ಗೇಟಿಗೆ ಸ್ಲೋ ಗಾಡಿ ಹೆಚ್ಚುಕಮ್ಮಿ ಒಂದು ತಾಸು ಹಿಡಿಯುತ್ತದೆ. 'ಪ್ರಿನ್ಸ್ ಆಫ್ ಪರ್ಷಿಯಾ' ಎಂಬ ಹಳೆಯ ಕಂಪ್ಯೂಟರ್ ಗೇಮಿನಲ್ಲೂ ಸೆರೆಮನೆಯಿಂದ ಹೊರಟು 12 ಲೆವೆಲ್ ದಾಟಿ, ಜಾಫರ್ ಎಂಬ ಮಂತ್ರಿಯನ್ನು ಕೊಂದು ರಾಜಕುಮಾರಿಯನ್ನು ಬಿಡಿಸಲು ಸಿಗುವುದು ಸರಿಯಾಗಿ 60 ನಿಮಿಷ. ಹಾಗಾಗಿ ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿದರೆಂದರೆ ಆಟ ಶುರು. ಮಾಲಾಡ್ ಬರುವಾಗ ಮೂರನೇ ಲೆವೆಲ್ಲಿನ ಅಸ್ಥಿಪಂಜರ ಎದ್ದು ಕೂರುತ್ತದೆ. ಅಂಧೇರಿಯಲ್ಲಿ ಜನ ನುಗ್ಗುವ ಹೊತ್ತಿಗೆ ಆರನೆಯದರ ದಪ್ಪ ಹೊಟ್ಟೆಯ ಕಾವಲುಗಾರ. ಬಾಂದ್ರಾದಲ್ಲಿ ಎಂಟನೇ ಲೆವೆಲ್ಲಿನ ಇಲಿ ಓಡಿಬಂದು ಬಾಗಿಲು ತೆಗೆಯುತ್ತದೆ. ಮರೀನ್ ಲೈನ್ಸ್‌ನಲ್ಲಿ ಕತ್ತಿ ಒಳಗಿಟ್ಟು ತನ್ನದೇ ನೆರಳಿನೊಂದಿಗೆ ಒಂದಾಗುತ್ತಾರೆ. ಗಾಡಿ ತಡವಾದ ದಿನ ಆಫೀಸಿನಲ್ಲಿ ಅವರ ಮುಖ ನೋಡಬೇಕು. ಬಾಸ್ ಬೈದದ್ದಕ್ಕಲ್ಲ, ರಾಜಕುಮಾರಿ ಸತ್ತದ್ದಕ್ಕೆ.

ಇಂಥವರು ನಿಮ್ಮ ಬಳಗದಲ್ಲೂ ಇದ್ದಾರೆ. ಗೇಮ್ ಬೇರೆ ಇರಬಹುದು, ಮಾರಿಯೋ ಇರಬಹುದು, ಕಾಂಟ್ರಾ ಇರಬಹುದು, ಕಾಯಿಲೆ ಒಂದೇ. ವಯಸ್ಸು ಐವತ್ತರ ಆಸುಪಾಸು. ಸರಣಿಯಲ್ಲಿ ಹೊಸದೊಂದು ಬಂತು ಎಂದು ಯಾರಾದರೂ ಹೇಳಿದರೆ ಸಾಕು, 'ಹೌದಾ' ಎನ್ನುವ ಮೊದಲೇ 'ಆದರೆ' ಎನ್ನುತ್ತಾರೆ.

ಪ್ರಿನ್ಸಣ್ಣನಿಗೆ ಇದು ಹಿಡಿದದ್ದು ತೊಂಬತ್ತರ ದಶಕದ ಮೊದಲಲ್ಲಿ, ಬೊರಿವಲಿ ಪಶ್ಚಿಮದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಎಸಿ ಇದ್ದದ್ದು ಕಂಪ್ಯೂಟರಿಗೆ, ಅದರ ತಂಪು ಹುಡುಗರಿಗೆ ಬಂದರೆ ಅದು ಅವರ ಪುಣ್ಯ. ಉಡುಪಿ ಕಡೆಯಿಂದ ಬಂದು ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದ ತಂದೆ, ಮಗ ವರ್ಡ್‌ಸ್ಟಾರ್, ಲೋಟಸ್ ಕಲಿಯಲಿ ಎಂದು ಫೀಸು ಕಟ್ಟಿದ್ದರು. ಮೂರು ತಿಂಗಳ ಮೇಲೆ "ಎಂಥ ಕಲಿತೆ?" ಎಂದು ಕೇಳಿದಾಗ ಮಗ ಹೇಳಿದ್ದು, "ಹಾರ್ಲಿಕ್ಕೆ."

ಆ ಹಾರುವಿಕೆಯ ಮೇಲೆ ಅವರಿಗೆ ಇವತ್ತಿಗೂ ಇರುವ ಭಕ್ತಿಗೆ ಕಾರಣವಿದೆ. ಗೇಮ್ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನಿಗೆ ಬಿಳಿ ಬಟ್ಟೆ ಹಾಕಿಸಿ, ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಆ ಚಿತ್ರಗಳ ಮೇಲೆ ಒಂದೊಂದೇ ಹೆಜ್ಜೆ ತಿದ್ದಿ ಕೂರಿಸಿದ್ದ. ಕತ್ತಿವರಸೆಯನ್ನು 1938ರ ರಾಬಿನ್ ಹುಡ್ ಸಿನಿಮಾ ನೋಡಿ ಎತ್ತಿಕೊಂಡಿದ್ದ. 1989ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ಬಂದ ಆ ಗೇಮಿನಲ್ಲಿ ಮನುಷ್ಯನಿಗೆ ಮೈಭಾರ ಇತ್ತು. ಓಡುತ್ತಿದ್ದವನು ತಟ್ಟನೆ ನಿಲ್ಲುತ್ತಿರಲಿಲ್ಲ, ಜಾರಿ ನಿಲ್ಲುತ್ತಿದ್ದ. ಹೊಸ ಶತ್ರುವಿನ ಚಿತ್ರ ಇಡಲು ಮೆಮೊರಿ ಸಾಲದಿದ್ದಾಗ ನಾಯಕನ ಚಿತ್ರವನ್ನೇ ತಿರುಚಿ ನೆರಳು ಮಾಡಿ, ಅದನ್ನೇ ಎದುರಾಳಿಯಾಗಿ ನಿಲ್ಲಿಸಿದರು. "ಬಡತನದಲ್ಲಿ ಹುಟ್ಟಿದ ಕಲೆ ಮಾರಾಯ" ಎನ್ನುವಾಗ ಪ್ರಿನ್ಸಣ್ಣನ ಕಣ್ಣಂಚು ಒದ್ದೆಯಾಗುತ್ತದೆ. ಈ ಕಥೆಯನ್ನು ನಾನು ನಲವತ್ತು ಸಲವಾದರೂ ಕೇಳಿದ್ದೇನೆ, ಹತ್ತು ಸಲ ನಾನೇ ಹೇಳಿದ್ದೇನೆ.

ಅವರು ಗೇಮ್ ಮುಗಿಸಿದ್ದು ಚೀಟ್ ಹಾಕಿ. ಅದನ್ನು ಮುಚ್ಚಿಡುವ ಪೈಕಿಯೂ ಅಲ್ಲ. ಡಾಸ್ ಪರದೆಯಲ್ಲಿ 'ಪ್ರಿನ್ಸ್ ಮೆಗಾಹಿಟ್' ಎಂದು ಟೈಪ್ ಮಾಡಿ ಒಳಹೊಕ್ಕರೆ ಶಿಫ್ಟ್ ಒತ್ತಿ ಎಲ್ ಹೊಡೆದಾಗ ಮುಂದಿನ ಲೆವೆಲ್, ಟಿ ಹೊಡೆದಾಗ ಒಂದು ಜೀವ ಹೆಚ್ಚು. "ಅದಕ್ಕೆ ಡಾಸ್ ಗೊತ್ತಿರಬೇಕಿತ್ತು, ಸ್ಪೆಲಿಂಗ್ ಬರಬೇಕಿತ್ತು. ಈಗಿನವರಿಗೆ ನೆಟ್ಟಗೆ ಮೋಸ ಮಾಡ್ಲಿಕ್ಕೂ ಬರುವುದಿಲ್ಲ, ಸೆಟ್ಟಿಂಗ್ಸಿಗೆ ಹೋಗಿ ಈಸಿ ಅಂತ ಒತ್ತುತ್ತಾರೆ."

ಈ ವಿದ್ಯೆ ಜೀವನಕ್ಕೂ ಒದಗಿದೆಯಂತೆ. ಗೇಮಿನಲ್ಲಿ ದವಡೆ ಹಾಗೆ ತೆರೆದು ಮುಚ್ಚುವ ಕತ್ತರಿ ಬಾಗಿಲುಗಳಿವೆ. ಒಂದು ಹೆಜ್ಜೆ ಇಡಬೇಕು, ನಿಲ್ಲಬೇಕು, ತೆರೆದ ಕ್ಷಣ ನುಗ್ಗಬೇಕು. ಸಂಜೆ ಕಣ್ತಪ್ಪಿ ವಿರಾರ್ ಗಾಡಿ ಹತ್ತಿ, ಬಾಗಿಲಲ್ಲಿ ನಿಂತ ವಿರಾರಿನವರ ನಡುವಿನಿಂದ ಬೊರಿವಲಿಯಲ್ಲಿ ಇಳಿಯುವುದೂ ಅದೇ ತಂತ್ರ ಎನ್ನುತ್ತಾರೆ. ಒಂದು ಸಲ ನೋಡಿದ್ದೇನೆ. ಅವರು ಇಳಿದರು, ಅವರ ಟಿಫಿನ್ ಬ್ಯಾಗು ಭಾಯಂದರಿಗೆ ಹೋಯಿತು.

ಪ್ರಿನ್ಸಣ್ಣ ಒಬ್ಬರೇ ಆಗಿದ್ದರೆ ಈ ಬರಹ ಬೇಡವಿತ್ತು. ಶನಿವಾರ ಸಂಜೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಇಬ್ಬರು ಪ್ರತಿವಾದಿಗಳೂ ಕೂಡುತ್ತಾರೆ. ಬಿಲ್ಲು ಕೊಡುವವನಾಗಿ ನಾನಿರುತ್ತೇನೆ.

ಮೊದಲನೆಯವನು ಮರಳಣ್ಣ. ಮಾಲಾಡಿನ ಐಟಿ ಕಂಪನಿಯಲ್ಲಿ ಕೆಲಸ, ನಲವತ್ತು ಮುಟ್ಟುತ್ತಿರುವ ವಯಸ್ಸು. ಅವನ ಪಾಲಿಗೆ ಸರಣಿ ಹುಟ್ಟಿದ್ದೇ 2003ರಲ್ಲಿ, 'ದ ಸ್ಯಾಂಡ್ಸ್ ಆಫ್ ಟೈಮ್' ಬಂದಾಗ. ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗ ಹೆಕ್ಕಿ ಜೋಡಿಸಿದ ಕಂಪ್ಯೂಟರಿನಲ್ಲಿ ರಾತ್ರಿಯೆಲ್ಲ ಆಡಿದವನು. ಅದರಲ್ಲಿ ಒಂದು ಕಠಾರಿ, ಅದರೊಳಗೆ ಮಾಯೆಯ ಮರಳು. ತಪ್ಪಿ ಬಿದ್ದರೆ ಕಾಲವನ್ನು ಹಿಂದಕ್ಕೆ ಓಡಿಸಬಹುದು. ಇಂಗ್ಲಿಷಿನವರು ಅಷ್ಟುದ್ದ ಹೆಸರಿಟ್ಟದ್ದಕ್ಕೆ ಕನ್ನಡದಲ್ಲಿ ಒಂದೇ ಪದ ಸಾಕು: ಮರಳು. ಹೊಯಿಗೆಯೂ ಅದೇ, ಹಿಂತಿರುಗುವುದೂ ಅದೇ. ಕೊಂಬೊಂದು ಸೇರಿದರೆ ಅಭಿಮಾನಿಯೂ ಅದೇ. ಆ ಗೇಮಿನಲ್ಲಿ ಕಥೆ ಹೇಳುವವನು ರಾಜಕುಮಾರನೇ. ನಾವು ಸತ್ತರೆ 'ಹಾಗೆ ನಡೆಯಲಿಲ್ಲ' ಎಂದು ತಿದ್ದಿಕೊಂಡು ಮತ್ತೆ ಶುರುಮಾಡುತ್ತಾನೆ. ಮರಳಣ್ಣನ ವಾದದ ಧಾಟಿಯೂ ಹಾಗೆಯೇ.

ಅವನಿಗೊಂದು ಗಾಯವೂ ಉಂಟು. ಆ ಗೇಮನ್ನು ಹೊಸದಾಗಿ ಕಟ್ಟುವ ಕೆಲಸವನ್ನು ಯೂಬಿಸಾಫ್ಟ್ ತನ್ನ ಪುಣೆ ಮತ್ತು ಮುಂಬೈ ಸ್ಟುಡಿಯೋಗಳಿಗೆ ವಹಿಸಿತ್ತು. ನಮ್ಮ ಊರಿನಲ್ಲೇ ಪರ್ಷಿಯಾ ಎದ್ದೇಳುತ್ತದೆ ಎಂದು ಮರಳಣ್ಣ ಸೊಸೈಟಿಯಲ್ಲೆಲ್ಲ ಹೇಳಿಕೊಂಡು ಬಂದ. 2020ರ ಸೆಪ್ಟೆಂಬರಿನಲ್ಲಿ ಟ್ರೇಲರ್ ಬಂತು. ಜಗತ್ತಿನ ಅಭಿಮಾನಿಗಳೆಲ್ಲ ರಾಜಕುಮಾರನ ಮುಖ ನೋಡಿ ಗೊಣಗಿದರು. ಮರಳಣ್ಣ ಹಗಲು ಹೊತ್ತು ಮುಂಬೈಯ ಪರ, ರಾತ್ರಿ ಜಗತ್ತಿನ ಪರ. 2022ರಲ್ಲಿ ಕೆಲಸವನ್ನು ಮಾಂಟ್ರಿಯಲ್ ಸ್ಟುಡಿಯೋಗೆ ಒಪ್ಪಿಸಿದರು. "ಮುಂಬೈಯಿಂದ ಕೆನಡಾಕ್ಕೆ ಟ್ರಾನ್ಸ್‌ಫರ್ ಸಿಕ್ಕಿದ್ರೆ ಯಾರು ಬೇಡ ಅಂತಾರೆ?" ಎಂದು ಪ್ರಿನ್ಸಣ್ಣ ಹೇಳಿದ್ದಕ್ಕೆ ಎರಡು ಶನಿವಾರ ಮಾತಿಲ್ಲ.

ಎರಡನೆಯವನು ಪ್ರಿನ್ಸಣ್ಣನ ತಂಗಿಯ ಮಗ, ಅಂದರೆ ಸಾಕ್ಷಾತ್ ಅಳಿಯ. ಎಂಜಿನಿಯರಿಂಗ್ ಓದುವ ಹುಡುಗ. ಮಾತು ಕಮ್ಮಿ, ಓದು ಹೆಚ್ಚು. ಈ ಕೂಟಕ್ಕೆ ಇವನಂಥ ಅಪಾಯ ಬೇರೆ ಇಲ್ಲ.

2024ರ ಜನವರಿ 18ರಂದು 'ದ ಲಾಸ್ಟ್ ಕ್ರೌನ್' ಬಂತು. ಸಂಕ್ರಾಂತಿಯ ಎಳ್ಳುಂಡೆ ಡಬ್ಬಿಯಲ್ಲಿನ್ನೂ ಉಳಿದಿತ್ತು. ಅಳಿಯ ಎರಡೇ ದಿನದಲ್ಲಿ ಅರ್ಧ ಆಡಿ, ಕಣ್ಣು ಕೆಂಪು ಮಾಡಿಕೊಂಡು ಹೋಟೆಲಿಗೆ ಬಂದ.

"ಒಳ್ಳೇದುಂಟು ಮಾವ. ನಿಮ್ಮ ಕಾಲದ ಹಾಗೇ ಪಕ್ಕದಿಂದ ನೋಡುವ ಆಟ. ಎಡದಿಂದ ಬಲಕ್ಕೆ."

ಪ್ರಿನ್ಸಣ್ಣ ಇಪ್ಪತ್ತು ವರ್ಷದಿಂದ ಬೇಡಿಕೊಂಡದ್ದು ಅದನ್ನೇ. ಈಗ ಸಿಕ್ಕಿಬಿಟ್ಟಿತಲ್ಲ, ಮುಖ ಬಾಡಿತು. ಬೇಡಿಕೆ ಈಡೇರಿದರೆ ಅಭಿಮಾನಿಗೆ ಉದ್ಯೋಗ ಎಲ್ಲಿಯದು? "ಪಕ್ಕದಿಂದ ನೋಡುವುದು ಸರಿ. ಅವ ಹಾರುವುದು ಹೇಗೆ?"

"ಗಾಳಿಯಲ್ಲೇ ಇನ್ನೊಂದು ಸಲ ಹಾರಬಹುದು."

"ನೋಡಿ! ಕಾಲಡಿಗೆ ನೆಲ ಇಲ್ಲದೆ ಹಾರುವವ ಮನುಷ್ಯನಾ? ಮೆಕ್ನರ್ ತಮ್ಮನನ್ನು ಓಡಿಸಿದ್ದು ಇದಕ್ಕಾ?"

"ಪಾತ್ರಗಳು ಫಾರಸಿಯಲ್ಲಿ ಮಾತಾಡುವ ಹಾಗೂ ಇಟ್ಟುಕೊಳ್ಳಬಹುದು ಮಾವ."

"ನಮ್ಮವ ಮಾತೇ ಆಡ್ತಿರಲಿಲ್ಲ. ಅದು ಗಾಂಭೀರ್ಯ."

"ದಾರಿ ಸಿಗದ ಜಾಗದ ಫೋಟೊ ತೆಗೆದು ಮ್ಯಾಪಿಗೆ ಅಂಟಿಸಿಟ್ಟುಕೊಳ್ಳಬಹುದು."

"ನಾವು ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮ್ಯಾಪ್ ಬರೆದವರು."

ಮರಳಣ್ಣನ ದುಃಖ ಬೇರೆ. ಗೋಡೆ ಮೇಲೆ ಓಡುತ್ತ ಇಡೀ ಅರಮನೆಯನ್ನು ಸುತ್ತಿ ನೋಡುವ ಮೂರು ಆಯಾಮದ ಸುಖ ಹೋಯಿತಲ್ಲ ಎಂದು. 2004ರ 'ವಾರಿಯರ್ ವಿದಿನ್'ನಲ್ಲಿ ಕಿವಿ ಹರಿಯುವ ರಾಕ್ ಸಂಗೀತ ಹಾಕಿದಾಗಲೇ ಕೇಡುಗಾಲ ಶುರುವಾಯಿತು ಎಂದ. ಅದು ಬಂದ ವರ್ಷ ಇದೇ ಸಂಗೀತವನ್ನು ರಿಂಗ್‌ಟೋನ್ ಮಾಡಿಕೊಂಡಿದ್ದವನು ಇವನೇ ಎಂಬುದು ನನಗೆ ನೆನಪಿತ್ತು, ಹೇಳಲಿಲ್ಲ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳ ಮುಂಬೈಗೆ ಬಂದಾಗ ಪ್ರಿನ್ಸಣ್ಣನ ತಂದೆ ಮೊದಲ ಸಾಲಿನಲ್ಲಿ ಕೂತು ಹೊಸ ಪ್ರಸಂಗಕ್ಕೆ ಹೇಳುತ್ತಿದ್ದ ದೋಷಗಳೂ ಹೀಗೇ ಇದ್ದವು: ಪದ್ಯ ಓಟ ಜಾಸ್ತಿ, ವೇಷಕ್ಕಿಂತ ಬೆಳಕು ಹೆಚ್ಚು, ಹಿಂದಿನವರ ಕುಣಿತ ಇಲ್ಲ. ಆದರೂ ಬೆಳಗಿನ ಜಾವದ ಮಂಗಳದವರೆಗೆ ಏಳುತ್ತಿರಲಿಲ್ಲ.

ಕೊನೆಗೆ ಪ್ರಿನ್ಸಣ್ಣ ಬ್ರಹ್ಮಾಸ್ತ್ರ ತೆಗೆದರು. "ಹೀರೋ ಯಾರು?"

"ಸಾರ್ಗಾನ್."

"ಪ್ರಿನ್ಸಾ?"

"ಅಲ್ಲ. ಏಳು ಜನ ವೀರರಲ್ಲಿ ಒಬ್ಬ. ಪ್ರಿನ್ಸ್ ಹೆಸರು ಘಸ್ಸಾನ್. ಅವನನ್ನು ಕಿಡ್ನ್ಯಾಪ್ ಮಾಡಿ ಕಾಫ್ ಬೆಟ್ಟಕ್ಕೆ ಒಯ್ದಿದ್ದಾರೆ."

ಪ್ರಿನ್ಸಣ್ಣ ಲೋಟ ಕುಟ್ಟಿದರು. ಪಕ್ಕದ ಮೇಜಿನ ಗುಜರಾತಿ ಕುಟುಂಬ ದೋಸೆ ಬಿಟ್ಟು ನೋಡಿತು. "ಕೇಳಿದಿರಾ? ಹೆಸರು ಪ್ರಿನ್ಸ್ ಆಫ್ ಪರ್ಷಿಯಾ, ಒಳಗೆ ಪ್ರಿನ್ಸೇ ನಾಪತ್ತೆ! ಮದುವೆಗೆ ಕರೆದು ಮದುಮಗನನ್ನು ತೋರಿಸದಿದ್ರೆ ಊಟ ಸೇರ್ತದಾ ಮಾರಾಯ್ರೆ?" ಮರಳಣ್ಣನೂ ಮೊದಲ ಬಾರಿಗೆ ತಲೆಯಾಡಿಸಿದ. ಎರಡು ತಲೆಮಾರು ಒಂದಾಗಿ ಮೂರನೆಯದನ್ನು ನೋಡಿತು.

ಅಳಿಯ ಕಾಫಿಯ ಕೊನೆಯ ಗುಟುಕು ಮುಗಿಸಿದ. "ಮಾವ, ನಿಮ್ಮ 1989ರವನೂ ಪ್ರಿನ್ಸ್ ಅಲ್ಲ. ಯಾರೋ ಪರದೇಶಿ. ರಾಜಕುಮಾರಿ ಮೆಚ್ಚಿದಳು ಅಂತ ಜಾಫರ್ ಜೈಲಿಗೆ ಹಾಕಿದ. ಅವಳನ್ನು ಬಿಡಿಸಿದ ಮೇಲೆಯೇ ಪ್ರಿನ್ಸ್ ಆಗುವುದು. ಮ್ಯಾನುಯಲ್‌ನಲ್ಲಿ ಉಂಟು."

ಹೋಟೆಲಿನ ಮಿಕ್ಸರ್ ನಿಂತ ಹಾಗಾಯಿತು. ಮ್ಯಾನುಯಲ್! ಆ ಗೇಮಿನಲ್ಲಿ ಮೊದಲ ಲೆವೆಲ್ ಆದ ಮೇಲೆ ಅಕ್ಷರ ಬರೆದ ಸೀಸೆಗಳ ಕೋಣೆಯೊಂದಿತ್ತು. ಮ್ಯಾನುಯಲ್‌ನ ಇಂತಿಂಥ ಪುಟ, ಇಂತಿಂಥ ಸಾಲು ನೋಡಿ, ಅಲ್ಲಿ ಸಿಗುವ ಅಕ್ಷರದ ಸೀಸೆಯನ್ನೇ ಕುಡಿಯಬೇಕು. ತಪ್ಪು ಕುಡಿದರೆ ಜೀವ ಇಳಿಯುತ್ತದೆ. ಗೇಮನ್ನು ಕಳ್ಳ ಪ್ರತಿ ಮಾಡಬಾರದೆಂದು ಹೂಡಿದ ಉಪಾಯ ಅದು. ನಮ್ಮ ಬೊರಿವಲಿಗೆ ಬಂದ ಫ್ಲಾಪಿಗೆ ಮ್ಯಾನುಯಲ್ ಇರಲಿ, ಕವರೂ ಇರಲಿಲ್ಲ. ಮೂವತ್ತು ವರ್ಷ ಪ್ರಿನ್ಸಣ್ಣ ಪೂಜಿಸಿಕೊಂಡು ಬಂದ ರಾಜಕುಮಾರನ ಜಾತಕವನ್ನು ಅವರು ಓದಿಯೇ ಇರಲಿಲ್ಲ.

ಬಹಳ ಹೊತ್ತಿನ ಮೇಲೆ, "ಅಂದ್ರೆ ಮನೆಯಳಿಯನಾ?" ಎಂದರು.

"ಹೌದು. ಅಳಿಯನಿಗೇ ಪಟ್ಟ. ಊರಿನ ನಮ್ಮ ಅಳಿಯ ಸಂತಾನದ ಹಾಗೆಯೇ ಅಲ್ವಾ ಮಾವ?"

ಅಲ್ಲಿ ಮಾವನ ಮಗಳನ್ನು ಕಟ್ಟಿಕೊಂಡ ಅಳಿಯ ಬೇರೆ, ಇಲ್ಲಿ ತಂಗಿಯ ಮಗನಾದ ಅಳಿಯ ಬೇರೆ ಎಂದು ನಾನು ತಿದ್ದಹೊರಟೆ. ಯಾರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಬಿಲ್ಲು ಕೊಟ್ಟೆ.

ಆಮೇಲಿನ ಶನಿವಾರಗಳಲ್ಲಿ ಪ್ರಿನ್ಸಣ್ಣ ವಾದದ ನೆಲೆ ಬದಲಿಸಿದರು. ಹಳೆಯದೇ ಶ್ರೇಷ್ಠ, ಯಾಕೆಂದರೆ ಹೀರೋ ಪ್ರಿನ್ಸ್ ಅಲ್ಲದಿದ್ದರೂ ಆಡುವವನಿಗೆ ಅದು ಗೊತ್ತಾಗುತ್ತಿರಲಿಲ್ಲ, ಅಷ್ಟು ಘನತೆ! ಹೊಸದನ್ನು ಮುಟ್ಟುವುದಿಲ್ಲ ಎಂಬ ಪ್ರತಿಜ್ಞೆ ಮಾತ್ರ ಹಾಗೇ ಇತ್ತು. 2025ರ ಏಪ್ರಿಲಿನಲ್ಲಿ 'ದ ಲಾಸ್ಟ್ ಕ್ರೌನ್' ಮೊಬೈಲಿಗೂ ಬಂತು. ಪ್ರತಿಜ್ಞೆ ಮಾಡಿದ್ದು ಟಿವಿಯಲ್ಲಿ ಆಡುವ ಗೇಮಿನ ಬಗ್ಗೆ, ಫೋನಿನ ಬಗ್ಗೆ ಏನೂ ಹೇಳಿರಲಿಲ್ಲ ಎಂದು ಅವರೇ ನನಗೆ ವಿವರಿಸಿದರು.

ಈಗ ಬೆಳಗಿನ ಸ್ಲೋ ಗಾಡಿಯಲ್ಲಿ ಅವರು ಕಣ್ಣು ಮುಚ್ಚುವುದಿಲ್ಲ. ಬೊರಿವಲಿಯಿಂದ ಹತ್ತುವವರು ದಯವಿಟ್ಟು ಕಿಟಕಿ ಪಕ್ಕದ ಆ ಕನ್ನಡಕದವರ ಬಲಗಡೆ ಕೂರಬೇಡಿ. ಸಾರ್ಗಾನ್ ಗಾಳಿಯಲ್ಲಿ ಎರಡನೇ ಸಲ ಹಾರುವಾಗ ಅವರೂ ಸ್ವಲ್ಪ ಹಾರುತ್ತಾರೆ, ಮೊಣಕೈ ತಾಗುತ್ತದೆ.