ಬಿಸ್ಕೀಟಿನ ಮ್ಯಾಲ ಶಿಕ್ಕಾ

ನಾನು 34 ವರ್ಷ ಶಿಕ್ಕಾ ಹೊಡೆದು ಹೊಟ್ಟೆ ಹೊರೆದವನು. ಕಚೇರಿಯ ಆವಕ-ಜಾವಕ ಟೇಬಲ್ಲಿಗೆ ಕೂತು ಬಂದ ಕಾಗದಕ್ಕೊಂದು, ಹೋಗುವ ಕಾಗದಕ್ಕೊಂದು ಢಬ್ ಢಬ್ ಎಂದು ಬಡಿಯತೊಡಗಿದರೆ ಪಕ್ಕದ ಕೋಣೆಯ ಸಾಹೇಬರಿಗೆ ಎಚ್ಚರವಾಗುತ್ತಿತ್ತು. ಹೀಗಾಗಿ ದೀಪಾವಳಿ ಸೂಟಿಗೆ ಪುಣೆಯಿಂದ ಧಾರವಾಡಕ್ಕೆ ಬಂದ ಮೊಮ್ಮಗಳು, “ಅಜ್ಜಾ, ಕುಕೀಸ್ ಮ್ಯಾಲ ರಬ್ಬರ್ ಸ್ಟ್ಯಾಂಪ್ ಒತ್ತೋದದ” ಎಂದಾಗ, ನಿವೃತ್ತಿಯ ನಂತರ ಮೊದಲ ಬಾರಿ ನನ್ನ ವಿದ್ಯೆಗೆ ಕರೆ ಬಂತೆಂದು ಎದ್ದು ಕೂತೆ.

ಬಿಸ್ಕೀಟಿನ ಮೇಲೆ ಹಾಸಲು ಫಾಂಡಂಟ್ ಬಂದಿತ್ತು. ಹಿಟ್ಟಿನಂತೆ ನುಣ್ಣಗೆ ಬೀಸಿದ ಸಕ್ಕರೆಯನ್ನು ಗ್ಲೂಕೋಸು, ಗ್ಲಿಸರಿನ್ ಹಾಕಿ ನಾದಿದರೆ ಹೋಳಿಗೆಯ ಕಣಕದಂಥದೊಂದು ಮುದ್ದೆಯಾಗುತ್ತದೆ, ಅದೇ ಇದು. ಕೆಲವಕ್ಕೆ ಜೆಲಟಿನ್ ಹಾಕುತ್ತಾರೆ, ಅದು ದನ-ಹಂದಿಯ ಎಲುಬು-ತೊಗಲಿನಿಂದ ತೆಗೆದದ್ದು ಎಂದು ಹುಡುಗಿ ಬಾಯಿ ತಪ್ಪಿ ಅಂದುಬಿಟ್ಟಳು. ನನ್ನ ಹೆಂಡತಿ ಕನ್ನಡಕ ಏರಿಸಿ, ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಸಿರು ಚುಕ್ಕಿ ಕಂಡಮೇಲೆಯೇ ಅಡುಗೆಮನೆಯೊಳಗೆ ಬಿಟ್ಟಳು. ಅಂದಿನ ಮೊದಲ ಶಿಕ್ಕಾ ಅದೇ.

ಹಾಳೆಯಂತೆ ಲಟ್ಟಿಸಿ, ಡಬ್ಬಿಯ ಮುಚ್ಚಳದಿಂದ ದುಂಡಗೆ ಕತ್ತರಿಸಿ, ತುಸು ಜಾಮ್ ಸವರಿದ ಬಿಸ್ಕೀಟಿನ ಮೇಲೆ ಅಂಟಿಸಿ ಒಂದು ರಾತ್ರಿ ಆರಲು ಇಟ್ಟೆವು. ಮೇಲ್ಮೈ ಬಿಗಿಯದಿದ್ದರೆ ರಬ್ಬರು ಒಳಗೆ ಹುಗಿಯುತ್ತದಂತೆ. ನಾನು ಬೆಳಗ್ಗೆಯೇ ಸ್ನಾನ ಮುಗಿಸಿ ನನ್ನ ಹಳೆಯ ನೇರಳೆ ಪ್ಯಾಡು ತಂದಿಟ್ಟೆ. “ಅಜ್ಜಾ, ಅದು ತಿನ್ನೋ ಬಣ್ಣ ಅಲ್ಲ!” ಎಂದು ಕಿರುಚಿದಳು. ತಿನ್ನುವ ಬಣ್ಣಕ್ಕೆ ಹೊಸದಾದ, ಶಾಯಿ ಮುಟ್ಟದ ಶಿಕ್ಕಾ ಬೇಕು. ನೀರು ಸೋಕಿದರೆ ಸಕ್ಕರೆ ಕರಗುತ್ತದೆ, ಅದಕ್ಕೇ ಜೆಲ್ ಬಣ್ಣಕ್ಕೆ ಒಂದು ಹನಿ ವೋಡ್ಕಾ ಬೆರೆಸುತ್ತಾರೆ, ಅದು ಹಾರಿಹೋಗುತ್ತದೆ ಎಂದು ವಿವರಿಸಿ, “ನಮ್ಮ ಮನ್ಯಾಗ ಅದ ಏನು?” ಎಂದು ಕೇಳಿದಳು.

“ಅಜ್ಜನ್ನ ಕೇಳಬ್ಯಾಡವಾ. ಗೊತ್ತಿದ್ರೂ ಗೊತ್ತಿಲ್ಲ ಅಂತಾರ,” ಎಂದಳು ನನ್ನವಳು.

ಬರಿಯ ಜೆಲ್ಲನ್ನೇ ಸ್ಪಂಜಿಗೆ ತೆಳ್ಳಗೆ ಸವರಿದೆವು. ಶಿಕ್ಕಾದಲ್ಲಿದ್ದದ್ದು ಆನೆ. ಆನೆ ಕಂಡದ್ದೇ ನನ್ನವಳು ಮಾತು ತೆಗೆದಳು. ನಾನು ಅಂಜಿದ್ದೂ ಅದಕ್ಕೇ.

ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ. ಸಾಗವಾನಿ ಕಟ್ಟಿಗೆಯ ಅಚ್ಚನ್ನು ನೀರಲ್ಲಿ ನೆನೆಸಿ, ಹೋಳುಗಳನ್ನು ಜೋಡಿಸಿ, ಹಾಲು ಹಾಕಿ ಕಸ ತೆಗೆದ ಪಾಕವನ್ನು ಹೊಯ್ದರೆ ಆನೆ, ಒಂಟೆ, ಬಸವಣ್ಣ, ತೇರು ಎಲ್ಲ ಬಿಳಿ, ಹಳದಿ, ಗುಲಾಬಿ ಬಣ್ಣದಲ್ಲಿ ಎದ್ದು ಬರುತ್ತವೆ. ಕಾರ್ತಿಕದ ಚಳಿಯಲ್ಲಿ ಹುಬ್ಬಳ್ಳಿ-ಧಾರವಾಡದ ಪೇಟೆಗಳಲ್ಲಿ ಇವುಗಳದೇ ರಾಶಿ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಒಯ್ದು ಕೊಡಬೇಕು. ನಾವೂ ಒಯ್ದಿದ್ದೆವು, ಬಸ್ಸಿನಲ್ಲಿ, ನನ್ನ ತಾಯಿಯ ತೊಡೆಯ ಮೇಲೆ ಇಟ್ಟುಕೊಂಡು. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರು, ಆಗಿನ ರಸ್ತೆ.

“ನಿಮ್ಮ ಮನಿ ಆನಿಗೆ ಸೊಂಡೀನ ಇರಲಿಲ್ಲ,” ಎಂದಳು, 41ನೆಯ ವರ್ಷವೂ ತಪ್ಪದೆ.

ಉತ್ತರ ಕೊಡದೆ ಶಿಕ್ಕಾ ಎತ್ತಿ, ಹಳೆಯ ರೂಢಿಯಂತೆ ಢಬ್ ಎಂದು ಬಡಿದೆ. ಬಿಸ್ಕೀಟು ನಾಲ್ಕು ಹೋಳಾಗಿ, ಸೊಂಡಿಲಿನ ಚೂರು ಜಿಗಿದು ಮಿಕ್ಸರಿನ ಹಿಂದೆ ಬಿತ್ತು. ನನ್ನವಳು ಏನೂ ಅನ್ನಲಿಲ್ಲ. ಅನ್ನದಿರುವುದರಲ್ಲೂ ಅವಳದೊಂದು ಧಾಟಿ ಉಂಟು.

“ಬಡೀಬಾರದು ಅಜ್ಜಾ, ಇಟ್ಟು ಸುಮ್ನ ಒತ್ತಬೇಕು,” ಎಂದಳು ಮೊಮ್ಮಗಳು. ಒತ್ತುವಾಗ ಉಸಿರೂ ಹಿಡಿದೆ. ಆದರೆ ಎತ್ತುವ ಮೊದಲು ಕೈ ಜಾರಿ ಇನ್ನೊಮ್ಮೆ ಕೂತಿತು. ಇಲ್ಲೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜದ ಎರಡೂ ಮಗ್ಗುಲಿಗೆ ಅಶೋಕ ಚಕ್ರ ಮುದ್ರಿಸುವಾಗ 24 ಅರಗಳೂ ಒಂದರ ಬೆನ್ನಿಗೊಂದು ಕೂಡುವಂತೆ ಮಾಡುತ್ತಾರೆ. ನನ್ನ ಆನೆಗೆ ಒಂದೇ ಮಗ್ಗುಲಲ್ಲಿ ಎರಡು ಸೊಂಡಿಲು ಬಂದಿದ್ದವು.

ಮೊಮ್ಮಗಳು ಅದನ್ನು ಒಡೆದ ಚೂರುಗಳ ಜೊತೆ ಸರಿಸಲು ಹೋದಳು. ಅಜ್ಜಿ ಅವಳ ಕೈ ತಡೆದು, ಬಿಸ್ಕೀಟನ್ನು ಬೆಳಕಿಗೆ ಹಿಡಿದು, ಹಸಿರು ಚುಕ್ಕಿ ನೋಡಿದಷ್ಟೇ ನಿಗಾದಿಂದ ನೋಡಿದಳು.

“ಇರಲಿ ಬಿಡವಾ. ಒಂದು ಇವತ್ತಿಂದು, ಒಂದು ಅವತ್ತಿನ ಬಾಕಿ.”

ಆಮೇಲೆ ಸ್ಟೀಲಿನ ಡಬ್ಬಿಯಲ್ಲಿ ಅದೊಂದನ್ನೇ ಇಟ್ಟು, ನನ್ನ ನೇರಳೆ ಪ್ಯಾಡನ್ನು ನನ್ನತ್ತ ನೂಕಿದಳು. “ಡಬ್ಬಿ ಮ್ಯಾಲ ತಾರೀಖು ಹೊಡೀರಿ,” ಎಂದಳು.